ಗಾಜಿನ ಕಡಲು, ಪಾಚಿಯ ಲೆಕ್ಕ

ಪುಣೆಯ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ, ಟೀವಿ ಇರಬೇಕಾದ ಜಾಗದಲ್ಲಿ, ಮೂರೂವರೆ ವರ್ಷ ಒಂದು ಪುಟ್ಟ ಕಡಲಿತ್ತು. ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿ, 300 ಲೀಟರ್ ಉಪ್ಪುನೀರು, ಎರಡು ಕ್ಲೌನ್ ಮೀನು, ಒಂದಿಷ್ಟು ಮೆದು ಹವಳ, ಒಂದು ಡಜನ್ ಬಸವನಹುಳು. 2018ರ ದಸರೆಗೆ ನೀರು ತುಂಬಿಸಿದಾಗ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಇದನ್ನ ತೊಳೆಯೋರು ಯಾರು?" 2020ರ ಬೇಸಗೆಯಲ್ಲಿ, ಲಾಕ್‌ಡೌನಿನ ಎರಡನೇ ತಿಂಗಳು, ಕೇಳಿದ್ದು ಇನ್ನೊಂದು: "ಇದೇನ್ರೀ, ಕಲ್ಲಿಗೆಲ್ಲ ಯಾರೋ ಸಿಂಬಳ ಸುರಿದ ಹಾಗಿದೆ?"

ಹಾಗೇ ಇತ್ತು. ಕಂದುಬಣ್ಣದ ಲೋಳೆ ಎಳೆಎಳೆಯಾಗಿ ಜೋತಾಡುತ್ತ, ಪ್ರತಿ ಎಳೆಯ ತುದಿಯಲ್ಲೊಂದು ಗಾಳಿಗುಳ್ಳೆ ಹಿಡಿದುಕೊಂಡು ನಿಂತಿತ್ತು. ಬೆಳಿಗ್ಗೆ ಕಡಿಮೆ, ಸಂಜೆಯ ಹೊತ್ತಿಗೆ ದುಪ್ಪಟ್ಟು. ಕೊಳವೆಯಲ್ಲಿ ಎಳೆದು ತೆಗೆದರೆ ಮರುದಿನ ಮತ್ತೆ ಹಾಜರು.

ಊರಿಗೆ ಫೋನು ಮಾಡಿದಾಗ ಅಪ್ಪನಿಗೆ ಹೇಳಿದೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರಿಗೆ ಪಾಚಿ ಎಂದರೇನೆಂದು ವಿವರಿಸಬೇಕಾಗಿಲ್ಲ. ಮಳೆಗಾಲದ ನಾಲ್ಕು ತಿಂಗಳು ಅಂಗಳಕ್ಕೆ ದಬ್ಬೆ ಹಾಸಿಕೊಂಡು ಓಡಾಡುವ ಜನ. "ಅಷ್ಟೇ ತಾನೆ? ಒಂದು ಚಿಟಿಕೆ ಮೈಲುತುತ್ತ ಹಾಕು ಮಾರಾಯ, ಮೂರು ದಿನದಲ್ಲಿ ಸ್ವಚ್ಛ ಆಗ್ತದೆ" ಎಂದರು. ಅಪ್ಪ ಹೇಳಿದ್ದು ತಪ್ಪಲ್ಲ. 1904ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಮೂರ್ ಮತ್ತು ಕೆಲರ್‌ಮನ್ ಎಂಬಿಬ್ಬರು ಕುಡಿಯುವ ನೀರಿನ ಜಲಾಶಯಗಳ ಪಾಚಿಗೆ ಇದೇ ಮದ್ದನ್ನು ಬರೆದುಕೊಟ್ಟಿದ್ದರು. ಆದರೆ ತಾಮ್ರ ನನ್ನ ಬಸವನಹುಳುಗಳನ್ನೂ ಹವಳಗಳನ್ನೂ ಪಾಚಿಗಿಂತ ಮೊದಲೇ ಮುಗಿಸುತ್ತಿತ್ತು. ಇಲಿ ಬಂತೆಂದು ಮನೆಗೆ ಬೆಂಕಿ ಇಟ್ಟ ಹಾಗೆ. (ನಡುವೆ ಒಂದು ಮಾತು: ಅಪ್ಪ ಮೈಲುತುತ್ತ-ಸುಣ್ಣ ಕಲಸಿ ಹೊಡೆಯುವುದು ಕೊಳೆರೋಗಕ್ಕೆ. ಆ ರೋಗದ ಜೀವಿಯನ್ನು ಬಹುಕಾಲ ಶಿಲೀಂಧ್ರ ಎಂದೇ ಎಣಿಸಿದ್ದರು. ವಂಶವೃಕ್ಷದಲ್ಲಿ ಅದು ಅಣಬೆಗಿಂತ ಕಂದು ಪಾಚಿಗೇ ಹತ್ತಿರ ಎಂಬುದು ಈಗಿನ ತಿಳಿವಳಿಕೆ. ಅಂದರೆ ನಮ್ಮ ಮನೆಯಲ್ಲಿ ಎರಡು ತಲೆಮಾರಿನಿಂದ ಒಂದೇ ಕುಲದ ಜೊತೆ ಜಗಳ.)

ಕಚೇರಿಯಲ್ಲಿ ಏನಾದರೂ ಕೆಟ್ಟರೆ ನಾವು ಮೊದಲು ಕೇಳುವುದು, ಇದು ಮೊದಲ ಸಲ ಯಾವಾಗ ಕಂಡಿತು ಎಂದು. ಲಾಕ್‌ಡೌನಿನ ಸಂಜೆಗಳಲ್ಲಿ ಹಾಗೆ ಕೇಳುತ್ತ ಹಿಂದೆ ಹಿಂದೆ ಹೋದವನು 1846ಕ್ಕೆ ಬಂದು ನಿಂತೆ.

ಆ ವರ್ಷ ಆನಾ ಥಿನ್ ಎಂಬ ಮಹಿಳೆ ಇಂಗ್ಲೆಂಡಿನ ದಕ್ಷಿಣ ತೀರದ ಟಾರ್ಕೀ ಊರಿನಿಂದ ಕೆಲವು ಒಂಟಿ ಹವಳಗಳನ್ನು ಜಾಡಿಯಲ್ಲಿಟ್ಟು ಲಂಡನ್ನಿಗೆ ತಂದರು. ಗಂಡ ವೆಸ್ಟ್‌ಮಿನ್‌ಸ್ಟರ್ ಆಬಿಯ ಪಾದ್ರಿ. ಲಂಡನ್ನಿನಲ್ಲಿ ಕಡಲಿಲ್ಲ, ತಂದ ನೀರು ಕೆಡುತ್ತದೆ. ಅದಕ್ಕೆ ಅವರು ಕಂಡುಕೊಂಡ ಉಪಾಯ, ದಿನವೂ ಅರ್ಧ ಮುಕ್ಕಾಲು ಗಂಟೆ ತೆರೆದ ಕಿಟಕಿಯ ಮುಂದೆ ನಿಂತು ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುವುದು. ಸುರಿದದ್ದು ಹೆಚ್ಚಾಗಿ ಮನೆಗೆಲಸದಾಕೆ. ಹವಳ ಸಾಕಣೆಯ ಮೊದಲ ಏರ್ ಪಂಪು ಒಬ್ಬ ಕೆಲಸದಾಕೆಯ ತೋಳು ಎಂಬುದನ್ನು ಓದಿದಾಗ ನನ್ನ ಕಪಾಟಿನೊಳಗೆ ಗುಂಯ್‌ಗುಡುತ್ತಿದ್ದ ಮೋಟಾರು ಬೇರೆಯಾಗಿ ಕೇಳಿಸಿತು. ಮರುವರ್ಷ ಥಿನ್ ಪಾತ್ರೆಗೆ ಕಡಲ ಪಾಚಿಯನ್ನೂ ಹಾಕಿದರು, ನೀರನ್ನು ಅದು ಚೆನ್ನಾಗಿಡಲಿ ಎಂದು. ಅಂದರೆ ಗಾಜಿನ ಕಡಲಿಗೆ ಪಾಚಿ ನುಗ್ಗಿ ಬಂದದ್ದಲ್ಲ. ಕರೆದು ಕೂರಿಸಿದ್ದು.

ಅದೇ ಲಂಡನ್ನಿನಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ಔಷಧ ತಯಾರಕರ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದ. 1849ರಲ್ಲಿ ಆತ 12 ಗ್ಯಾಲನ್ನಿನ ಗಾಜಿನ ಪಾತ್ರೆಯಲ್ಲಿ ಸಿಹಿನೀರು ಹಾಕಿ ಎರಡು ಬಂಗಾರದ ಮೀನು, ಒಂದು ನೀರುಗಿಡ ಇಟ್ಟ. ಮೀನಿಗೆ ಬೇಕಾದ ಆಮ್ಲಜನಕವನ್ನು ಗಿಡ ಕೊಡುತ್ತದೆ, ಗಿಡಕ್ಕೆ ಬೇಕಾದ್ದನ್ನು ಮೀನು ಕೊಡುತ್ತದೆ, ಲೆಕ್ಕ ಚುಕ್ತಾ. ಕೆಲವು ವಾರ ಎಲ್ಲ ಸರಿಯಿತ್ತು. ಆಮೇಲೆ ಗಿಡದ ಹಳೆಯ ಎಲೆಗಳು ಕೊಳೆತವು, ನೀರು ಕಲಕಿತು, ಎಲೆಯ ಮೇಲೂ ಗಾಜಿನ ಮೇಲೂ ಹಸಿರು ಲೋಳೆ ಹತ್ತಿತು. ವಾರಿಂಗ್ಟನ್ ಕೆರೆಯಿಂದ ಐದಾರು ಬಸವನಹುಳು ತಂದು ಬಿಟ್ಟ. ಅವು ಲೋಳೆ ತಿಂದವು, ಕೊಳೆತದ್ದನ್ನು ತಿಂದವು, ಅವುಗಳ ಮೊಟ್ಟೆಗಳನ್ನು ಮೀನು ತಿಂದವು. 1850ರ ಮಾರ್ಚಿನಲ್ಲಿ ಈ ಮೂವರ ಒಪ್ಪಂದವನ್ನು ಆತ ಲಂಡನ್ನಿನ ಕೆಮಿಕಲ್ ಸೊಸೈಟಿಯ ಮುಂದೆ ಓದಿದ. ಇವತ್ತು ಅಂಗಡಿಯವನು "ಕ್ಲೀನಪ್ ಕ್ರೂ" ಎಂದು ಪ್ಯಾಕೆಟಿನಲ್ಲಿ ಮಾರುವ ಹುಳುಗಳ ಮೂಲಪುರುಷರು ಇವರೇ.

ವಾರಿಂಗ್ಟನ್ 1852ರಲ್ಲಿ ಉಪ್ಪುನೀರಿಗೆ ಕೈ ಹಾಕಿದಾಗ ಇನ್ನೊಂದು ಸಂಗತಿ ತಿಳಿಯಿತು. ಕಡಲಿನಿಂದ ತಂದ ಚಂದದ ಕೆಂಪು, ಕಂದು ಪಾಚಿಗಳು ಪಾತ್ರೆಯಲ್ಲಿ ಬಾಳುವುದಿಲ್ಲ. ಬಾಳುವುದು ಸಾಮಾನ್ಯ ಹಸಿರು ಪಾಚಿ, ಬಂಡೆಗೆ ಹಾಳೆಯಂತೆ ಹತ್ತುವ ಉಲ್ವಾ, ನಾರಿನಂತೆ ಹತ್ತುವ ಅದರ ದಾಯಾದಿಗಳು. ನಾವು ಇಂದು ಹಲ್ಲುಜ್ಜುವ ಬ್ರಷ್ಷು ಹಿಡಿದು ಕಲ್ಲಿನಿಂದ ತಿಕ್ಕಿ ತೆಗೆಯುವುದು ಇಂಥವನ್ನೇ. ಎಲ್ಲಿಯೂ ಬದುಕಬಲ್ಲದ್ದನ್ನು ನೆಂಟನೆಂದು ಕರೆದರೆ ಮನೆಯಲ್ಲಿ ಕಡೆಗೆ ಉಳಿಯುವುದೂ ಅದೇ.

ಇದೆಲ್ಲ ಹುಚ್ಚಾಗಿ ಹಬ್ಬಿಸಿದವನು ಫಿಲಿಪ್ ಗಾಸ್. ಗಾಜಿನ ಮೇಲಿನ ತೆರಿಗೆಯನ್ನು ಬ್ರಿಟನ್ನು 1845ರಲ್ಲಿ ತೆಗೆದುಹಾಕಿತ್ತು, ರೈಲು ಕಡಲತೀರವನ್ನು ಮುಟ್ಟಿತ್ತು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನಿನ ಮನೆ ತೆರೆಯಿತು, 1854ರಲ್ಲಿ ಗಾಸ್‌ನ ಅಕ್ವೇರಿಯಂ ಪುಸ್ತಕ ಬಂತು. ಬಸವನಹುಳು ಗಾಜಿನ ಮೇಲೆ ಪಾಚಿ ಹೆರೆಯುವುದನ್ನು ಭೂತಗನ್ನಡಿ ಹಿಡಿದು ನೋಡಿ ಬರೆದವನು ಆತ. ನಾಲ್ಕು ಲವಣಗಳನ್ನು ಬೆರೆಸಿ ಮನೆಯಲ್ಲೇ ಕಡಲ ನೀರು ಮಾಡುವ ಲೆಕ್ಕ ಕೊಟ್ಟವನೂ ಆತನೇ. ಮಧ್ಯಮ ವರ್ಗದ ಮನೆಮನೆಗೂ ತೊಟ್ಟಿ ಬಂತು. ತೊಟ್ಟಿ ತುಂಬಿಸಲು ಜನ ಬುಟ್ಟಿ, ಉಳಿ ಹಿಡಿದು ಡೆವನ್ ತೀರಕ್ಕೆ ಹೋದರು. ಗಾಸ್‌ನ ಮಗ ಎಡ್ಮಂಡ್ 1907ರಲ್ಲಿ ಅಪ್ಪನ ಬಗ್ಗೆ ಬರೆದ ಪುಸ್ತಕದಲ್ಲಿ, ತಾನು ಬಾಲ್ಯದಲ್ಲಿ ಕಂಡ ಬಂಡೆಗುಂಡಿಗಳು ಅಪ್ಪನ ಪುಸ್ತಕ ಓದಿ ಬಂದವರ ಕೈಯಲ್ಲೇ ಬರಿದಾದವೆಂದು ನೊಂದುಕೊಂಡಿದ್ದಾನೆ. ಆ ಪುಟಗಳನ್ನು ಓದಿದ ಮೇಲೆ ಎದುರಿನ ತೊಟ್ಟಿಯತ್ತ ನೋಡುವುದಕ್ಕೆ ಸ್ವಲ್ಪ ಸಂಕೋಚವಾಯಿತು.

ಹುಳು ಸಾಲದಾದಾಗ ಬಂದದ್ದು ಕತ್ತಲೆ. ವಿಲಿಯಂ ಆಲ್ಫರ್ಡ್ ಲಾಯ್ಡ್ ಎಂಬಾತ ಲಂಡನ್ನಿನಲ್ಲಿ ತೊಟ್ಟಿ ಮಾರುವ ಅಂಗಡಿ ಇಟ್ಟವನು, ಮುಂದೆ 1871ರಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಅಕ್ವೇರಿಯಂ ಕಟ್ಟಿದವನು. ಪ್ರದರ್ಶನದ ತೊಟ್ಟಿಗಳಿಗಿಂತ ಹಲವು ಪಟ್ಟು ದೊಡ್ಡ ಜಲಾಶಯವನ್ನು ನೆಲದಡಿ ಕತ್ತಲಲ್ಲಿಟ್ಟು, ಪಂಪಿನಿಂದ ನೀರನ್ನು ಮೇಲೆ ಕೆಳಗೆ ಸುತ್ತಿಸಿದ. ಬೆಳಕು ಸಿಗದ ನೀರಿನಲ್ಲಿ ಹಸಿರು ನಿಲ್ಲುವುದಿಲ್ಲ. ಉಪಾಯ ಗೆದ್ದಿತು. ಆದರೆ ಗೆದ್ದದ್ದು ಮಬ್ಬಿನಲ್ಲೂ ಬದುಕಬಲ್ಲ ಮೀನು, ಏಡಿ, ಕಡಲ ಹೂಗಳಿಗೆ. ಬಿಸಿಲಿನ ಹವಳಕ್ಕೆ ಅದು ಆಗದ ಮಾತು. ಹವಳದ ಮೈಯೊಳಗೇ ಸೂಕ್ಷ್ಮ ಪಾಚಿ ವಾಸವಿದೆ, ಹವಳ ಬಹುಪಾಲು ಉಣ್ಣುವುದು ಆ ಪಾಚಿ ಅಡುಗೆ ಮಾಡಿದ್ದನ್ನು. ಆ ಪಾಚಿಗೆ ಬೆಳಕು ಕೊಟ್ಟರೆ ಹೊರಗಿನ ಪಾಚಿಗೂ ಕೊಟ್ಟಂತೆ. ಹವಳ ಸಾಕುವವನ ಪೇಚಾಟವೆಲ್ಲ ಇಷ್ಟರಲ್ಲೇ ಇದೆ.

ಮುಂದಿನ ಎಂಬತ್ತು ತೊಂಬತ್ತು ವರ್ಷ ಹವಳದ ಮಟ್ಟಿಗೆ ಹೇಳುವಂಥದ್ದು ಹೆಚ್ಚಿಲ್ಲ. 1961ರಲ್ಲಿ ಜಕಾರ್ತಾದ ಲೀ ಚಿನ್ ಎಂಗ್ ತಮ್ಮ ಪದ್ಧತಿಯನ್ನು ಒಂದು ಮೀನು ಪತ್ರಿಕೆಯಲ್ಲಿ ಬರೆದರು. ಯಂತ್ರವಿಲ್ಲ, ಸೋಸುವ ಜಲ್ಲಿಯಿಲ್ಲ. ಕಡಲಿನಿಂದ ಜೀವಂತ ಹುಳುಹುಪ್ಪಟೆ ಸಮೇತ ತಂದ ಕಲ್ಲು, ಬಿಸಿಲು, ಸಣ್ಣಗೆ ಗಾಳಿಗುಳ್ಳೆ. ಜರ್ಮನ್ನರು ಅದಕ್ಕೆ ಎರಡು ಸೇರಿಸಿದರು: ಪ್ರಖರ ದೀಪ ಮತ್ತು ಸ್ಕಿಮ್ಮರ್. ಬೆಲ್ಲ ಕಾಯಿಸುವಾಗ ಕೊಳೆ ನೊರೆಯಾಗಿ ಮೇಲೆ ಬರುತ್ತದಲ್ಲ, ಅದನ್ನು ಸೌಟಿನಿಂದ ತೆಗೆಯುತ್ತೇವಲ್ಲ, ಸ್ಕಿಮ್ಮರ್ ಮಾಡುವುದು ಅದನ್ನೇ. ಕಾಯಿಸುವ ಬದಲು ಗಾಳಿಗುಳ್ಳೆ ಕೊಡುತ್ತದೆ. ಬರ್ಲಿನ್ನಿನ ಹವ್ಯಾಸಿಗಳು ಹೀಗೆ ಗಟ್ಟಿ ಹವಳಗಳನ್ನೂ ಬೆಳೆಸಿದರು. ನಮ್ಮಲ್ಲಿ ಅದು ಬೇರೆ ಮಾತು. 2001ರಿಂದ ಗಟ್ಟಿ ಹವಳಗಳೆಲ್ಲವೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಹುಲಿಯ ಸಾಲಿನಲ್ಲೇ, ಕೂತಿವೆ. ಹಾಗಾಗಿ ನನ್ನದು ಕುಂಬಾರಿಕೆಯ ಕಲ್ಲು, ಮೆದು ಹವಳ.

ಈಗ ನನ್ನ ಸಿಂಬಳಕ್ಕೆ ಬರುತ್ತೇನೆ. ಪಾಚಿ ಎಂದು ನಾವು ಒಂದೇ ಹೆಸರಿನಲ್ಲಿ ಬೈಯುವುದು ಒಂದು ಕುಲವನ್ನಲ್ಲ. ಹೊಸ ತೊಟ್ಟಿಯ ಮರಳಿನ ಮೇಲೆ ಮೊದಲ ವಾರಗಳಲ್ಲಿ ಅರಿಸಿನದ ಧೂಳಿನಂತೆ ಕೂರುವುದು ಡಯಾಟಮ್. ನಲ್ಲಿ ನೀರಿನ ಸಿಲಿಕೇಟ್ ತೀರಿದರೆ ತಾನೇ ಹೋಗುತ್ತದೆ. ಕೆಂಪು ವೆಲ್ವೆಟ್ಟಿನಂತೆ ಹಾಸಿ, ಎತ್ತಿದರೆ ಹಾಲಿನ ಕೆನೆಯ ಹಾಗೆ ಹಾಳೆಯಾಗಿ ಎದ್ದುಬರುವುದು ಸಯನೋಬ್ಯಾಕ್ಟೀರಿಯಾ. ಅದು ಪಾಚಿಯೇ ಅಲ್ಲ, ಬ್ಯಾಕ್ಟೀರಿಯಾ. ಹಸಿರು ಕೂದಲಿನಂಥದ್ದನ್ನು ಹುಳುಗಳು ತಿನ್ನುತ್ತವೆ. ನೋಡಲು ಅದೇ ಥರ ಇದ್ದು, ತುದಿ ಮಾತ್ರ ಗರಿಯಂತಿದ್ದರೆ ಬ್ರಯಾಪ್ಸಿಸ್, ಅದನ್ನು ಹೆಚ್ಚಿನವು ಮೂಸುವುದಿಲ್ಲ. ಗಾಜಿನ ಗೋಲಿಯಂತೆ ಮಿಂಚುವ ವಲೋನಿಯಾ, ಒಂದೊಂದು ಗೋಲಿಯೂ ಒಂದೇ ಜೀವಕೋಶ. ಒಂದಕ್ಕೆ ಹಾಕುವ ಮದ್ದು ಇನ್ನೊಂದಕ್ಕೆ ಗೊಬ್ಬರವಾಗಬಹುದು. ಗುರುತು ಹಿಡಿಯುವ ಮುನ್ನ ಕೈ ಹಾಕಬಾರದು ಎಂದು ಎಲ್ಲ ಕಡೆ ಬರೆದಿರುತ್ತದೆ. ನಾನೂ ಓದಿದ್ದೆ. ಆದರೂ ಕಂದು ಕಂಡೊಡನೆ ಡಯಾಟಮ್ ಎಂದುಕೊಂಡೆ.

ಡಯಾಟಮ್ಮಾದರೆ ನೀರಿನಲ್ಲಿ ಪೋಷಕಾಂಶ ಹೆಚ್ಚಾಗಿದೆ ಎಂದರ್ಥ ಎಂದು ತೀರ್ಮಾನಿಸಿ ಮೀನಿನ ಊಟ ಕಡಿತ ಮಾಡಿದೆ, ಫಾಸ್ಫೇಟ್ ಹೀರುವ ಪುಡಿ ಹಾಕಿದೆ, ವಾರಕ್ಕೆರಡು ಸಲ ನೀರು ಬದಲಿಸಿದೆ. ಪರೀಕ್ಷೆಯಲ್ಲಿ ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ಲೋಳೆ ಮಾತ್ರ ದಿನದಿನಕ್ಕೆ ದಪ್ಪ. ಹನ್ನೆರಡು ಬಸವನಹುಳುಗಳಲ್ಲಿ ಒಂಬತ್ತು ಎರಡು ವಾರದಲ್ಲಿ ಮಗುಚಿಬಿದ್ದವು. ಕಡೆಗೆ ಮಗಳ ಆಟಿಕೆಯ ಮೈಕ್ರೊಸ್ಕೋಪಿನ ಕೆಳಗೆ ಒಂದು ಹನಿ ಇಟ್ಟು ನೋಡಿದೆ. ಹುಣಿಸೆ ಬೀಜದ ಆಕಾರದ ಜೀವಿಗಳು, ಒಂದೊಂದೂ ಒಂದು ತುದಿಯನ್ನು ಊರಿಕೊಂಡು ಸುತ್ತಲೂ ತಿರುಗುತ್ತಿದ್ದವು, ಗೂಟಕ್ಕೆ ಕಟ್ಟಿದ ಕರುವಿನ ಹಾಗೆ. ಮಗಳು ಹತ್ತು ನಿಮಿಷ ಕಣ್ಣು ತೆಗೆಯಲಿಲ್ಲ. ಆಸ್ಟ್ರಿಯಾಪ್ಸಿಸ್ ಎಂಬ ಡೈನೋಫ್ಲಾಜೆಲೇಟ್ ಅದು, ವಿಷದ ಜೀವಿ. 2005ರಲ್ಲಿ ಇಟಲಿಯ ಜಿನೋವಾ ತೀರದಲ್ಲಿ ಇದೇ ಕುಲದ್ದು ಉಕ್ಕಿ, ಕಡಲಗಾಳಿ ಕುಡಿದ ಸುಮಾರು 200 ಜನ ಜ್ವರ, ಕೆಮ್ಮು ಹಿಡಿದು ಆಸ್ಪತ್ರೆ ಸೇರಿದ್ದರು. ತೊಟ್ಟಿಗಳಲ್ಲಿ ಇದು ಹೆಚ್ಚಾಗಿ ಏಳುವುದು ನೀರು ತೀರಾ ಬಡವಾದಾಗ, ಎದುರಾಳಿ ಪಾಚಿಗಳೂ ಬ್ಯಾಕ್ಟೀರಿಯಾಗಳೂ ಹಸಿದು ಸತ್ತ ಜಾಗದಲ್ಲಿ. ಅಂದರೆ ಆರು ವಾರ ನಾನು ಶತ್ರುವಿಗೆ ಅಂಗಳ ಗುಡಿಸಿಕೊಡುತ್ತಿದ್ದೆ. ಆಮೇಲೆ ಮಾಡಿದ್ದು ಪೂರಾ ತಿರುಗುಮುರುಗು: ನೀರು ಬದಲಿಸುವುದನ್ನು ನಿಲ್ಲಿಸಿದೆ, ನೈಟ್ರೇಟ್ ಅಳೆದು ಸುರಿದೆ, ರಾತ್ರಿ ಕಲ್ಲು ಬಿಟ್ಟು ನೀರಿಗೇಳುವ ಆ ಜೀವಿಗಳಿಗೆ ನೇರಳಾತೀತ ದೀಪ ಹಚ್ಚಿಟ್ಟೆ. ಎರಡು ತಿಂಗಳಿಗೆ ಕಂದು ಹೋಗಿ, ಕಲ್ಲಿನ ಮೇಲೆ ಒಳ್ಳೆಯ ಹಳ್ಳಿ ಹಸಿರು ಪಾಚಿ ಬಂತು. ಪಾಚಿ ಕಂಡು ಮನೆಯಲ್ಲಿ ಸಿಹಿ ಹಂಚಿದ್ದು ನಾನೊಬ್ಬನೇ ಇರಬೇಕು.

ತಿನ್ನುವ ಬಾಯಿ ಕಡಿಮೆಯಾಯಿತೋ, ಉಣ್ಣುವ ಗೊಬ್ಬರ ಹೆಚ್ಚಾಯಿತೋ ಎಂಬ ನಮ್ಮ ಈ ಜಗಳ ತೊಟ್ಟಿಯೊಳಗಿನದು ಎಂದುಕೊಂಡಿದ್ದೆ. ಕಡಲಿನಲ್ಲೂ ಅದು ನಡೆದಿದೆ. 1983ರ ಜನವರಿಯಲ್ಲಿ ಪನಾಮಾ ತೀರದಲ್ಲಿ ಡಯಾಡೆಮಾ ಎಂಬ ಉದ್ದ ಕಪ್ಪು ಮುಳ್ಳಿನ ಸೀ ಅರ್ಚಿನ್‌ಗಳು ಸಾಯತೊಡಗಿದವು. ಸುಮಾರು 13 ತಿಂಗಳಲ್ಲಿ ಆ ಸಾವು ಇಡೀ ಕೆರಿಬಿಯನ್ ಕಡಲನ್ನು ಸುತ್ತಿತು. ಹೆಚ್ಚಿನ ಕಡೆ ನೂರರಲ್ಲಿ ಐದೂ ಉಳಿಯಲಿಲ್ಲ. ಆ ಮುಳ್ಳುಚೆಂಡುಗಳ ಕೆಲಸ ರಾತ್ರಿಯಿಡೀ ಬಂಡೆಯ ಪಾಚಿ ಹೆರೆಯುವುದು. ಜಮೈಕಾದಲ್ಲಿ ಗಿಳಿಮೀನಿನಂಥ ಪಾಚಿ ಮೇಯುವ ಮೀನುಗಳನ್ನು ಜನ ಆಗಲೇ ಬಲೆಯಲ್ಲಿ ಬಾಚಿ ತಿಂದಾಗಿತ್ತು, 1980ರ ಚಂಡಮಾರುತ ಹವಳ ಮುರಿದಿತ್ತು. ಉಳಿದಿದ್ದ ಒಬ್ಬ ತೋಟಗಾರನೂ ಹೋದ ಮೇಲೆ ಆ ಬಂಡೆಗಳಲ್ಲಿ 1970ರ ದಶಕದಲ್ಲಿ ನೂರಕ್ಕೆ 52 ಪಾಲಿದ್ದ ಹವಳ 1990ರ ದಶಕದ ಆರಂಭಕ್ಕೆ 3ಕ್ಕಿಳಿಯಿತು. 4 ಪಾಲಿದ್ದ ಪಾಚಿ 92ಕ್ಕೇರಿತು. ಈ ಅಂಕಿಗಳನ್ನು 1994ರಲ್ಲಿ ಮುಂದಿಟ್ಟ ಟೆರಿ ಹ್ಯೂಸ್, ಮೇಯುವವರು ಇಲ್ಲವಾದದ್ದೇ ಕಾರಣ ಎಂದರು. ಬ್ರಯನ್ ಲಪಾಯಿಂಟ್ ಒಪ್ಪಲಿಲ್ಲ. ನೆಲದಿಂದ ಹರಿದುಬರುವ ಕೊಳಕಿನ ನೈಟ್ರೇಟ್, ಫಾಸ್ಫೇಟನ್ನು ಮರೆತಿರಿ ಎಂದರು. ಇಬ್ಬರೂ ವರ್ಷಗಟ್ಟಲೆ ಲೇಖನಗಳಲ್ಲಿ ಕಾದಾಡಿದರು. ನನ್ನ ತಿಳಿವಳಿಕೆಯ ಮಟ್ಟಿಗೆ ಜಮೈಕಾದಲ್ಲಿ ಬಾಯಿಯ ಪಕ್ಷವೇ ಬಲವಾಗಿದೆ. ಆದರೆ 300 ಲೀಟರಿನ ಪೆಟ್ಟಿಗೆಯಲ್ಲಿ ಎರಡನೆಯವರ ಮಾತನ್ನು ಮರೆತವನಿಗೆ ಉಳಿಗಾಲವಿಲ್ಲ. ಮೀನಿಗೆ ಹಾಕಿದ ಸೀಗಡಿಯಲ್ಲಿದ್ದ ರಂಜಕ ಎಲ್ಲಿಗೂ ಆವಿಯಾಗಿ ಹೋಗುವುದಿಲ್ಲ. ಹುಳು ತಿಂದರೂ ಮತ್ತೆ ನೀರಿಗೇ ಬಿಡುತ್ತದೆ.

ಇದನ್ನು ಎಲ್ಲರಿಗಿಂತ ನೇರವಾಗಿ ಕಂಡವರು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಎಂದು ನನ್ನ ಅಭಿಪ್ರಾಯ. ಹವಳದ ದಿಬ್ಬಗಳಲ್ಲಿ ಗಿಡ್ಡ ಪಾಚಿಯ ಹುಲ್ಲುಹಾಸು ಎಷ್ಟು ಬೇಗ ಬೆಳೆಯುತ್ತದೆ, ನೀರಿನಿಂದ ಎಷ್ಟು ಎಳೆದುಕೊಳ್ಳುತ್ತದೆ ಎಂಬುದನ್ನು ಅವರು ನೋಡಿದ್ದರು. ಪಾಚಿ ಬೆಳೆದೇ ಬೆಳೆಯುತ್ತದೆ ಎಂದ ಮೇಲೆ ನಾನು ಹೇಳಿದ ಕಡೆ ಬೆಳೆಯಲಿ ಎಂಬುದು ಅವರ ದಾರಿ. ತೊಟ್ಟಿಯ ಪಕ್ಕದಲ್ಲಿ ಒಂದು ಜಾಲರಿಯ ತಟ್ಟೆ, ಮೇಲೆ ಪ್ರಖರ ದೀಪ, ಅಲೆಯಂತೆ ನೀರು ಮಗುಚುವ ಬಕೆಟ್ಟು. ಜಾಲರಿಯ ಮೇಲೆ ಪಾಚಿ ಹತ್ತುತ್ತದೆ, ವಾರಕ್ಕೊಮ್ಮೆ ಕೆರೆದು ಎಸೆಯಬೇಕು. 1980ರಲ್ಲಿ ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿ ತೆರೆದ ಹವಳದ ತೊಟ್ಟಿ ಹೀಗೆ ನಡೆಯಿತು, 1982ರಲ್ಲಿ ಪೇಟೆಂಟ್ ಸಿಕ್ಕಿತು, ಮುಂದೆ ಆಸ್ಟ್ರೇಲಿಯಾದ ಟೌನ್ಸ್‌ವಿಲ್ಲಿನ ದೊಡ್ಡ ತೊಟ್ಟಿಗೂ ಅರಿಜೋನಾದ ಬಯೋಸ್ಫಿಯರ್-2ರ ಕೃತಕ ಕಡಲಿಗೂ ಇದೇ ಪದ್ಧತಿ ಹೋಯಿತು. ಕಟು ಟೀಕೆಗಳೂ ಬಂದವು: ನೀರು ಹಳದಿಯಾಗುತ್ತದೆ, ಗಟ್ಟಿ ಹವಳ ಏಳಿಗೆಯಾಗುವುದಿಲ್ಲ ಎಂದು. ಆದರೂ ಮೂಲ ವಿಚಾರ ಹವ್ಯಾಸಿಗಳ ಕಪಾಟಿನೊಳಗೆ ಇಳಿದು ನಿಂತಿತು. ನನ್ನ ತೊಟ್ಟಿಯ ಕೆಳಗೂ ಇನ್ನೊಂದು ಸಣ್ಣ ತೊಟ್ಟಿ, ರಾತ್ರಿ ಉರಿಯುವ ದೀಪ, ಅದರಲ್ಲಿ ಮುಂಬೈಯ ಹವ್ಯಾಸಿಯೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಪುಕ್ಕಟೆ ಕೊಟ್ಟ ಕಾಲೆರ್ಪಾ. ಜರಿಗಿಡದ ಎಲೆಯಂತೆ ಚಂದದ ಹಸಿರು. ತಿಂಗಳಿಗೊಮ್ಮೆ ಒಂದು ಬೊಗಸೆ ಕತ್ತರಿಸಿ ತೆಗೆದರೆ ಆಯಿತು.

ವಾರಿಂಗ್ಟನ್ ಪಾಚಿಯನ್ನು ಹುಳುವಿನ ಹೊಟ್ಟೆಗೆ ದಾಟಿಸಿದ, ಲಾಯ್ಡ್ ಕತ್ತಲೆಗೆ, ಜರ್ಮನ್ನರು ನೊರೆಯ ಬಟ್ಟಲಿಗೆ, ಏಡಿ ಪಕ್ಕದ ತಟ್ಟೆಗೆ. ಯಾರೂ ಅದನ್ನು ಇಲ್ಲವಾಗಿಸಲಿಲ್ಲ, ಜಾಗ ಬದಲಿಸಿದರು. ಕತ್ತರಿಸಿದ ಆ ಬೊಗಸೆ ಎಲ್ಲಿಗೆ ಹೋಗುತ್ತದೆ ಎಂಬುದೇ ಉಳಿದ ಪ್ರಶ್ನೆ. ಅದಕ್ಕೆ ಉತ್ತರ ಮೊನಾಕೋದಲ್ಲಿ ಸಿಕ್ಕಿತು.

ಮೆಡಿಟರೇನಿಯನ್ ತೀರದ ಕಡಿದಾದ ಬಂಡೆಯ ಮೇಲೆ, 1910ರಲ್ಲಿ ಉದ್ಘಾಟನೆಯಾದ ಮೊನಾಕೋದ ಸಾಗರ ವಸ್ತುಸಂಗ್ರಹಾಲಯವಿದೆ. ಒಳಗಿನ ತೊಟ್ಟಿಗಳಿಗೆ ನೀರು ಕೆಳಗಿನ ಕಡಲಿನಿಂದ ಬಂದು ಕಡಲಿಗೇ ಮರಳುತ್ತಿತ್ತು. 1980ರ ದಶಕದ ಆರಂಭದಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ಮೃಗಾಲಯದ ತೊಟ್ಟಿಗಳಲ್ಲಿ ಕಾಲೆರ್ಪಾ ಟ್ಯಾಕ್ಸಿಫೋಲಿಯಾದ ಒಂದು ತಳಿ ಹೆಸರು ಮಾಡಿತ್ತು: ಉಷ್ಣವಲಯದ್ದಾದರೂ ಚಳಿ ತಡೆಯುತ್ತದೆ, ಬೇಗ ಬೆಳೆಯುತ್ತದೆ, ಮೀನು ತಿನ್ನುವುದಿಲ್ಲ. ತೊಟ್ಟಿಯಿಟ್ಟವನಿಗೆ ಇನ್ನೇನು ಬೇಕು? ಒಂದು ಅಕ್ವೇರಿಯಮ್ಮಿನಿಂದ ಇನ್ನೊಂದಕ್ಕೆ ಕೈದಾಟಿ ಅದು ಮೊನಾಕೋಕ್ಕೂ ಬಂತು. 1984ರಲ್ಲಿ ಸಂಗ್ರಹಾಲಯದ ಕಿಟಕಿಗಳ ಕೆಳಗೆ, ಕಡಲ ತಳದಲ್ಲಿ, ಸುಮಾರು ಒಂದು ಚದರ ಮೀಟರಿನಷ್ಟು ಅದೇ ಹಸಿರು ಕಂಡಿತು. ಆಗ ಸಂಗ್ರಹಾಲಯದ ನಿರ್ದೇಶಕರು ಬೇರಾರೂ ಅಲ್ಲ, ಕಡಲನ್ನು ಜಗತ್ತಿನ ಮನೆಮನೆಯ ಟೀವಿಗೆ ತಂದ ಜಾಕ್ ಕೂಸ್ತೋ.

ಒಬ್ಬ ಮನುಷ್ಯ ಒಂದು ಬೆಳಿಗ್ಗೆ ನೀರಿಗಿಳಿದು ಕಿತ್ತು ತೆಗೆಯಬಹುದಾಗಿದ್ದ ಹಸಿರು ಅದು. ಯಾರೂ ಕೀಳಲಿಲ್ಲ. 1989ರಲ್ಲಿ ನೀಸ್ ವಿಶ್ವವಿದ್ಯಾಲಯದ ಪಾಚಿತಜ್ಞ ಅಲೆಕ್ಸಾಂಡ್ರ್ ಮೈನೆಜ್ ಅಲ್ಲಿ ಮುಳುಗಿ ನೋಡುವ ಹೊತ್ತಿಗೆ ಒಂದು ಹೆಕ್ಟೇರ್ ಆಗಿತ್ತು. ಅವರು ಎಚ್ಚರಿಕೆ ಬರೆದರು; ಬಂದದ್ದು ಒಪ್ಪಿಗೆಯಲ್ಲ, ವಾದ. ಸೂಯೆಜ್ ಕಾಲುವೆಯ ಮೂಲಕ ತಾನೇ ಬಂದಿರಬೇಕು, ಇಲ್ಲಿನದೇ ಬೇರೊಂದು ಜಾತಿ ರೂಪ ಬದಲಿಸಿರಬೇಕು, ನಮ್ಮ ತೊಟ್ಟಿಯದೇ ಎಂಬುದಕ್ಕೆ ಪುರಾವೆ ಏನು? ಸಮಿತಿಗಳು ಕೂತವು, ಸಭೆಗಳು ಏರಿದವು. ಯಾವ ಟಿಕೆಟ್ಟು ಯಾವ ತಂಡದ್ದು ಎಂದು ತೀರ್ಮಾನವಾಗುವುದರೊಳಗೆ ಸರ್ವರ್ ಬಿದ್ದುಹೋದ ಕಥೆಗಳನ್ನು ನಾನು ವೃತ್ತಿಯಲ್ಲಿ ಎಷ್ಟೋ ಕಂಡಿದ್ದೇನೆ. ಹೀಗಾಗಿ ಈ ಭಾಗ ಓದುವಾಗ ಯಾರ ಮೇಲೂ ಸಿಟ್ಟು ಬರಲಿಲ್ಲ, ಬೆವರು ಬಂತು. ಇತ್ತ ಕಾಲೆರ್ಪಾ ಕಾಯಲಿಲ್ಲ. ಅಷ್ಟುದ್ದದ ಗಿಡವಿಡೀ ಒಂದೇ ಜೀವಕೋಶ, ಒಳಗೆ ಲೆಕ್ಕವಿಲ್ಲದಷ್ಟು ಕೋಶಕೇಂದ್ರ; ಬೆರಳುಗುರಿನಷ್ಟು ತುಂಡಾದರೆ ಆ ತುಂಡು ಹೊಸ ಗಿಡ. ದೋಣಿಗಳ ಲಂಗರಿಗೆ ಸಿಕ್ಕಿ ಬಂದರಿನಿಂದ ಬಂದರಿಗೆ ಹೋಯಿತು. ಫ್ರಾನ್ಸ್ ಆಯಿತು, ಇಟಲಿ, ಸ್ಪೇನ್, ಕ್ರೊಯೇಷಿಯಾ, ಟ್ಯುನೀಷಿಯಾ. ಮೀನುಮರಿಗಳ ತೊಟ್ಟಿಲಾದ ಕಡಲಹುಲ್ಲಿನ ಬಯಲುಗಳ ಮೇಲೆ ಹಬ್ಬಿತು. 1998ರಲ್ಲಿ ಜೀನ್ ಪರೀಕ್ಷೆ ಹೇಳಿತು: ಕಡಲಿನದೂ ತೊಟ್ಟಿಗಳದೂ ಒಂದೇ. ನೀರು ಶುದ್ಧವಾಗಿಡಲಿ ಎಂದು ನೆಟ್ಟ ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಮೈನೆಜ್ 1997ರಲ್ಲಿ ಇದನ್ನೆಲ್ಲ ಪುಸ್ತಕ ಮಾಡಿದರು. ವಿಚಿತ್ರವೆಂದರೆ ಈಚಿನ ವರ್ಷಗಳಲ್ಲಿ ಫ್ರೆಂಚ್ ತೀರದಲ್ಲಿ ಅದು ತಾನಾಗಿಯೇ ಬಹುಮಟ್ಟಿಗೆ ಹಿಮ್ಮೆಟ್ಟಿದೆ. ಕಾರಣದ ಬಗ್ಗೆ ಒಮ್ಮತವಿಲ್ಲ.

ಕ್ಯಾಲಿಫೋರ್ನಿಯಾದವರು ಆ ಪಾಠ ಕಲಿತಿದ್ದರು. 2000ದ ಜೂನಿನಲ್ಲಿ ಕಾರ್ಲ್ಸ್‌ಬಾಡಿನ ಒಂದು ಹಿನ್ನೀರಿನಲ್ಲಿ ಕಡಲಹುಲ್ಲಿನ ಸಮೀಕ್ಷೆಗೆ ಇಳಿದವರಿಗೆ ಅದೇ ತಳಿ ಕಂಡಿತು. ವಾರಗಳಲ್ಲಿ ಕೆಲಸ ಶುರು: ಹಸಿರಿನ ತುಣುಕುಗಳ ಮೇಲೆ ಟಾರ್ಪಾಲ್ ಹಾಸಿ, ಅಂಚಿಗೆ ಭಾರ ಇಟ್ಟು, ಒಳಗೆ ಕ್ಲೋರಿನ್ ಬಿಟ್ಟರು. ಆರು ವರ್ಷ ಕಾವಲು ಕಾದು, 70 ಲಕ್ಷ ಡಾಲರ್‌ಗೂ ಮಿಕ್ಕಿ ಖರ್ಚು ಮಾಡಿ, 2006ರ ಜುಲೈಯಲ್ಲಿ ನಿರ್ಮೂಲವಾಯಿತೆಂದು ಸಾರಿದರು. ನಡುವೆ 2001ರಲ್ಲಿ ಒಂಬತ್ತು ಕಾಲೆರ್ಪಾ ಜಾತಿಗಳನ್ನು ಇಟ್ಟುಕೊಳ್ಳುವುದನ್ನೂ ಮಾರುವುದನ್ನೂ ಕಾನೂನಿನಿಂದ ತಡೆದರು. ಆ ಹಿನ್ನೀರಿಗೆ ಅದು ಹೋದದ್ದು ಯಾರೋ ಸುರಿದ ತೊಟ್ಟಿಯಿಂದ ಎಂದೇ ಎಲ್ಲರ ನಂಬಿಕೆ. ಸುರಿದವನು ಕೆಟ್ಟವನಾಗಿರಬೇಕಿಲ್ಲ. ಬೇಸರ ಬಂದಿರಬಹುದು, ಊರು ಬಿಡುತ್ತಿರಬಹುದು.

ನಮ್ಮ ಕಡಲಿಗೂ ಇಂಥದ್ದರ ಗುರುತಿದೆ, ಅಲ್ಲಿ ತೊಟ್ಟಿಯ ಪಾತ್ರವಿಲ್ಲದಿದ್ದರೂ. ಬೇಸಾಯಕ್ಕೆಂದು ಮಂಡಪಂ ಕಡೆ ತಂದು ಬೆಳೆಸಿದ ಕಪ್ಪಾಫೈಕಸ್ ಎಂಬ ಹೊರಗಿನ ಪಾಚಿ ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಜೀವಂತ ಹವಳಗಳ ಮೇಲೆ ಹಾಸಿ ಕೂತದ್ದು 2008ರಲ್ಲಿ ವರದಿಯಾಯಿತು.

2022ರ ಏಪ್ರಿಲಿನಲ್ಲಿ ನನಗೆ ಹೈದರಾಬಾದಿಗೆ ವರ್ಗವಾಯಿತು. ಮೀನು, ಹವಳ, ಉಳಿದ ಮೂರು ಬಸವನಹುಳುಗಳನ್ನು ಪುಣೆಯಲ್ಲೇ ಒಬ್ಬ ಹವ್ಯಾಸಿಗೆ ಕೊಟ್ಟೆ. ತೊಟ್ಟಿ ಮಾರಿದೆ. ಮುಕ್ಕಾಲು ಬಕೆಟ್ ಕಾಲೆರ್ಪಾ ಉಳಿಯಿತು. ಹೋಗುವ ಮುನ್ನ ಕುಂದಾಪುರದ ಅತ್ತೆಮನೆಗೆ ಹೊರಟಿದ್ದೆವು. ಹೆಂಡತಿ ಅಂದಳು, "ಹೇಗೂ ಹೋಗ್ತಿದೀವಲ್ಲ, ಕೋಡಿ ಕಡೆ ಸಮುದ್ರಕ್ಕೇ ಬಿಟ್ಟುಬಿಡೋಣ. ಕಡಲಿಂದು ಕಡಲಿಗೆ. ನೀವು ಇಷ್ಟು ದಿನ ಸಾಕಿದ್ದು, ಕಸಕ್ಕೆ ಹಾಕೋದು ಯಾಕೆ?" ಮಗಳಿಗೂ ಅದೇ ಇಷ್ಟ. ನನಗೂ ಆ ಮಾತು ಹಿತವಾಗಿ ಕೇಳಿಸಿತು. ರಾತ್ರಿ ಬಕೆಟ್ಟಿಗೆ ಮುಚ್ಚಳ ಹಾಕಿ, ಬ್ಯಾಟರಿಯ ಏರ್ ಪಂಪ್ ಸಿಕ್ಕಿಸಿ, ಕಾರಿನ ಡಿಕ್ಕಿಯಲ್ಲಿ ಇಟ್ಟೂ ಬಂದೆ. ಮೊನಾಕೋದ ಕಥೆ ಓದಿ ಎರಡು ವರ್ಷವಾಗಿತ್ತು, ನೋಡಿ.

ನಿದ್ದೆ ಬರಲಿಲ್ಲ. ನಮ್ಮ ಕರಾವಳಿಯಲ್ಲೂ ಕಾಲೆರ್ಪಾ ಜಾತಿಗಳಿವೆ, ಇದು ಅವುಗಳಲ್ಲೇ ಒಂದಿರಬಹುದು. ಇರದೆಯೂ ಇರಬಹುದು. ಕೊಟ್ಟವರಿಗೆ ಕೊಟ್ಟವರು ಯಾರು, ಅವರಿಗೆ ಯಾವ ದೇಶದಿಂದ ಬಂತು ಎಂಬುದು ಯಾರಿಗೂ ತಿಳಿಯದು. ಎರಡು ಗಂಟೆಗೆ ಎದ್ದು ಹೋಗಿ ಬಕೆಟ್ಟನ್ನು ಇಳಿಸಿ ತಂದೆ. ಬೆಳಿಗ್ಗೆ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿ ಒಂದು ದಿನ ಬಿಟ್ಟು ಮೋರಿಗೆ ಚೆಲ್ಲಿದೆ. ಹಸಿರನ್ನು ಟೆರೇಸಿನ ಮೇಲೆ ಹಳೆಯ ಪೇಪರು ಹಾಸಿ ಹರಡಿದೆ. ಪ್ರಯಾಣ ಮೂರು ದಿನ ಮುಂದಕ್ಕೆ ಹೋಯಿತು. ಹೆಂಡತಿ ಒಂದು ದಿನ ಮಾತಾಡಲಿಲ್ಲ. ಎರಡನೇ ದಿನಕ್ಕೆ ಎಲೆಗಳ ಮೇಲೆ ಉಪ್ಪಿನ ಹರಳು ಕೂತಿತು, ಮೂರನೇ ದಿನ ಕಪ್ಪಾಗಿ ಸುರುಟಿತು.

ಸಂಜೆ ಅಪ್ಪನ ಫೋನು ಬಂತು. "ಏನು ಮಾಡಿದೆ ಅದನ್ನ?"

"ಟೆರೇಸ್ ಮೇಲೆ ಒಣಗಿಸ್ತಿದೀನಿ ಅಪ್ಪ."

"ಒಂದು ಸಲ ಮಗುಚಿ ಹಾಕು, ಅಡಿ ಹಸಿ ಉಳೀತದೆ" ಅಂದರು. ಆಮೇಲೆ, "ಅಲ್ಲೂ ಮೋಡ ಆಗಿದ್ರೆ ಮೇಲಿಂದ ಒಂದು ಟಾರ್ಪಾಲ್ ಎಳೆದಿಡು."